ಹಬ್ಬದ ಬುತ್ತಿಯಲ್ಲಿ ಮಗಳಿಗೆ ಏನು ಕಳುಹಿಸುವಿರಿ?



ನಾಗರ ಪಂಚಮಿ ಬಂದಿತೆಂದರೆ ಮದುವೆಯಾದ ಹೆಣ್ಣುಮಗಳು ಅಣ್ಣನ ದಾರಿಯನ್ನು ನೋಡುವಳು. ಅಲ್ಲಿಂದ ಮೊದಲಾಗಿ ದೀಪಾವಳಿ, ಗೌರಿ ಹುಣ್ಣಿಮೆ, ಎಳ್ಳಮವಾಸ್ಯೆಗಳನ್ನು ದಾಟಿ, ಮಕರ ಸಂಕ್ರಮಣಕ್ಕೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ಮುಗಿಯುವವರೆಗೂ ನಮ್ಮ ಭಾಗದಲ್ಲಿ ಕೊಡು-ಕೊಳ್ಳುವ ಕಾಲ. ತವರಿನವರು ಮಗಳಿಗೆ ಬುತ್ತಿ ಕಟ್ಟುವರು, ಉಡಿ ತುಂಬುವರು; ಗಂಡನಾದವನು ಪೇಟೆಯಿಂದ ಹೆಂಡತಿಗೆ ಒಂದು ಸೀರೆ ತರುವನು; ಮುಸಲ್ಮಾನ ಬಂಧುಗಳ ಮನೆಗಳಲ್ಲಿ ಹಬ್ಬದ ಈದಿ ಕೈಯಿಂದ ಕೈಗೆ ಸಲ್ಲುವುದು. ಅಥಣಿ ರಸ್ತೆಯ ತಿಕೋಟಾದಿಂದಲೂ, ಜಮಖಂಡಿ ರಸ್ತೆಯ ಬಬಲೇಶ್ವರದಿಂದಲೂ ಬಸ್ಸು ಹತ್ತಿ ಪೇಟೆಗೆ ಬಂದು, ಗಾಂಧಿ ಚೌಕದ ಸುತ್ತ ಅಡ್ಡಾಡಿದವರ ಕೈಚೀಲಗಳು ಈ ದಿನಗಳಲ್ಲಿ ಬರಿದಾಗಿ ಹಿಂತಿರುಗುವುದಿಲ್ಲ.

ಆ ಕೈಚೀಲದೊಳಗೆ ಏನಿರಬೇಕೆಂಬುದೇ ಈ ಲೇಖನದ ವಿಷಯ. ಪಟ್ಟಣದ ಅನುಕೂಲಸ್ಥರು ಈಚೆಗೆ ಹಬ್ಬಗಳಲ್ಲಿ ಆರೋಗ್ಯದ ಹೆಸರಿನ ಉಡುಗೊರೆಗಳನ್ನು ಕೊಡತೊಡಗಿದ್ದಾರೆ. ಮನೆಯಲ್ಲಿಯೇ ಓಡುವ ಯಂತ್ರ, ಕೈಗೆ ಕಟ್ಟಿಕೊಂಡರೆ ದಿನಕ್ಕೆ ಎಷ್ಟು ಹೆಜ್ಜೆ ನಡೆದಿರೆಂದು ಎಣಿಸಿ ಹೇಳುವ ಗಡಿಯಾರ ಮುಂತಾದವು ಅಂಗಡಿಗಳಲ್ಲಿ ಬಂದಿವೆ. ಕುಳಿತು ದುಡಿಯುವವರಿಗೆ ಅವುಗಳಿಂದ ಪ್ರಯೋಜನವಿರಬಹುದು. ಆದರೆ ಬೆಳಗಿನಿಂದ ನೀರು ಹೊತ್ತು, ರೊಟ್ಟಿ ಬಡಿದು, ದ್ರಾಕ್ಷಿ ತೋಟದಲ್ಲಿಯೋ ಜೋಳದ ಹೊಲದಲ್ಲಿಯೋ ಹಗಲೆಲ್ಲ ದುಡಿದು, ಸಂಜೆ ತಲೆಯ ಮೇಲೆ ಮೇವಿನ ಹೊರೆಯೊಡನೆ ಮನೆಗೆ ಬರುವ ಗೃಹಿಣಿಗೆ ಹೆಜ್ಜೆ ಎಣಿಸಿ ಹೇಳುವವರು ಬೇಕಾಗಿಲ್ಲ. ಆಕೆಗೆ ಕೊರತೆಯಾಗಿರುವುದು ವ್ಯಾಯಾಮವಲ್ಲ, ರಕ್ತ.

ಇದು ಅಲಂಕಾರದ ಮಾತಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯುಳ್ಳವರು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ ನೂರಕ್ಕೆ 45ರ ಹತ್ತಿರವಿತ್ತು. ಕಡಿಮೆಯಾಗುವ ಬದಲು ಏರಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿಯಂತೂ ನೂರಕ್ಕೆ 65ಕ್ಕಿಂತ ಹೆಚ್ಚು ಮಂದಿಗೆ ರಕ್ತ ಸಾಲದು. ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮವು 1970ರಲ್ಲಿಯೇ ಆರಂಭವಾಯಿತು. ಐದು ದಶಕಗಳು ಕಳೆದರೂ ಎರಡು ಮನೆಗಳಲ್ಲಿ ಒಂದರ ಗೃಹಿಣಿ ಬಿಳಿಚಿಕೊಂಡೇ ಇದ್ದಾಳೆ. ಮಾತ್ರೆ ಊರಿಗೆ ಬಂದರೂ ಆಕೆಯ ಹೊಟ್ಟೆಗೆ ತಲುಪಿಲ್ಲ. ಹೊಲದಲ್ಲಿ ಬೆಳೆದ ಕಾಳು-ಪಲ್ಯ ಆಕೆಯ ತಟ್ಟೆಗೆ ಸಾಕಷ್ಟು ಬಿದ್ದಿಲ್ಲ. ಇದನ್ನು ಸರಿಪಡಿಸಲು ಹಬ್ಬಕ್ಕಿಂತ ಒಳ್ಳೆಯ ನೆಪ ಬೇರೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಪಂಚಮಿಗೆ ಬಂದ ತಂಗಿಗೆ ಮೊದಲ ಉಡುಗೊರೆ

ಗಂಡನ ಮನೆಯಲ್ಲಿ ಸೊಸೆಗೆ ಬಿಡುವು ಸಿಗುವುದು ಅಪರೂಪ. ಸಿಕ್ಕರೂ 'ನನಗೆ ಆಯಾಸವಾಗುತ್ತದೆ, ದವಾಖಾನೆಗೆ ಹೋಗಬೇಕು' ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಹೊಸ ಸೊಸೆಗೆ ಬರುವುದಿಲ್ಲ. ಆದರೆ ಪಂಚಮಿಗೆ ತವರಿಗೆ ಬಂದವಳು ಜೋಕಾಲಿ ಆಡುವಳು, ಗೆಳತಿಯರೊಡನೆ ನಗುವಳು, ಅವ್ವನ ಹತ್ತಿರ ಮನಸ್ಸು ಬಿಚ್ಚುವಳು. ಆದುದರಿಂದ ಅಣ್ಣನಾದವನು ಆ ನಾಲ್ಕು ದಿನಗಳಲ್ಲಿ ಒಂದು ಬೆಳಿಗ್ಗೆಯನ್ನು ಮೀಸಲಿಟ್ಟು ಆಕೆಯನ್ನು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲಿ. 'ತಂಗೆವ್ವಾ, ಸೀರಿ ಆಮ್ಯಾಲೆ ತರೂಣು, ಮೊದಲ ರಕ್ತ ತೋರಿಸಿಕೊಂಡು ಬರೂಣು ನಡಿ' ಎಂದು ಹೇಳಿದರೆ ತಂಗಿ ಮೊದಲು ನಕ್ಕಾಳು. ಆದರೆ ಜೊತೆಗೆ ಹೊರಡುವಳು. ಬೆರಳ ತುದಿಯಿಂದ ತೆಗೆದ ಒಂದು ಹನಿ ರಕ್ತದಿಂದ ಹಿಮೋಗ್ಲೋಬಿನ್ ಪ್ರಮಾಣ ತಿಳಿಯುವುದು. ಇದಕ್ಕೆ ಸರ್ಕಾರಿ ಕೇಂದ್ರಗಳಲ್ಲಿ ಹಣ ಕೊಡಬೇಕಾಗಿಲ್ಲ.

ಗರ್ಭಿಣಿಯಲ್ಲದ ಸ್ತ್ರೀಗೆ ಹಿಮೋಗ್ಲೋಬಿನ್ 12 ಗ್ರಾಂ, ಗರ್ಭಿಣಿಗೆ 11 ಗ್ರಾಂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಗರ್ಭಿಣಿಯಲ್ಲಿ 7 ಗ್ರಾಮಿಗಿಂತಲೂ ಕೆಳಗಿಳಿದರೆ ಮಾತ್ರೆಗಳನ್ನು ನಂಬಿ ಮನೆಯಲ್ಲಿ ಕುಳಿತುಕೊಳ್ಳತಕ್ಕದ್ದಲ್ಲ. ಅಂಥವರಿಗೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕಬ್ಬಿಣಾಂಶವನ್ನೋ, ವೈದ್ಯರ ನಿರ್ಣಯದಂತೆ ರಕ್ತವನ್ನೋ ಕೊಡಬೇಕಾಗುವುದು. ತಡಮಾಡದೆ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಪರೀಕ್ಷೆಗೆ ಮುನ್ನವೂ ಮನೆಯಲ್ಲಿ ಕೆಲವು ಗುರುತುಗಳನ್ನು ನೋಡಬಹುದು. ಕಣ್ಣಿನ ಕೆಳರೆಪ್ಪೆಯ ಒಳಭಾಗವೂ ನಾಲಿಗೆಯೂ ಬಿಳಿಚಿಕೊಂಡಿರುವುದು, ಒಂದು ಕೊಡ ನೀರು ಹೊತ್ತು ಬಂದರೆ ಎದೆ ಡವಗುಟ್ಟಿ ಏದುಸಿರು ಬರುವುದು, ಏಳುವಾಗ ಕಣ್ಣಿಗೆ ಕತ್ತಲು ಕವಿಯುವುದು, ಮಣ್ಣನ್ನೋ ಸುಣ್ಣವನ್ನೋ ತಿನ್ನಬೇಕೆನಿಸುವುದು. ಇದನ್ನು 'ಸೋಮಾರಿತನ' ಎಂದು ಅತ್ತೆಯಾದವಳು ಜರೆಯುವುದುಂಟು. ಅದು ಸೋಮಾರಿತನವಲ್ಲ, ರೋಗ.

ರಕ್ತಹೀನತೆಯುಳ್ಳ ಬಸುರಿಗೆ ಹೆರಿಗೆಯ ಸಮಯದಲ್ಲಿ ಆಗುವ ಸಾಧಾರಣ ರಕ್ತಸ್ರಾವವೂ ಪ್ರಾಣಾಪಾಯವನ್ನು ತಂದೊಡ್ಡಬಹುದು. ಬೇರೆಯವರು ತಡೆದುಕೊಳ್ಳುವಷ್ಟನ್ನು ಆಕೆಯ ದೇಹ ತಡೆಯಲಾರದು. ಹುಟ್ಟುವ ಕೂಸೂ ತೂಕ ಕಡಿಮೆಯಾಗಿ, ತಿಂಗಳು ತುಂಬುವ ಮೊದಲೇ ಹುಟ್ಟುವ ಸಂಭವ ಹೆಚ್ಚು. ಕುಬಸದ ದಿನ ಹಸಿರು ಸೀರೆ, ಹಸಿರು ಬಳೆ ಇಟ್ಟು ಹರಸುವ ಹಿರಿಯರು, ಆಕೆಯ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಎಷ್ಟೆಂದು ಬರೆದಿದೆ ಎಂಬುದನ್ನು ಒಮ್ಮೆ ಓದಿಸಿ ಕೇಳಿದರೆ ಹರಕೆಗೆ ಬಲ ಬರುವುದು. ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವಿಶೇಷ ತಪಾಸಣೆ ನಡೆಯುವ ವ್ಯವಸ್ಥೆ 2016ರಿಂದ ಇದೆ. ಕುಬಸದ ಮುಹೂರ್ತ ಕೇಳುವಾಗ ಆ ತಾರೀಖನ್ನೂ ನೆನಪಿಡಿರಿ.

ಕೆಂಪು ಮಾತ್ರೆ

ಒಂದು ಬಸುರಿಗೆ, ಕೂಸಿಗೂ ಮಾಸಿಗೂ ತಾಯಿಯ ಹೆಚ್ಚುವರಿ ರಕ್ತಕ್ಕೂ ಸೇರಿ, ಸುಮಾರು ಒಂದು ಗ್ರಾಂ ಕಬ್ಬಿಣಾಂಶ ಬೇಕಾಗುವುದು. ಒಂದು ಗ್ರಾಂ ಎಂದರೆ ಚಿಟಿಕೆಯಷ್ಟು; ಆದರೂ ಅದನ್ನು ಬರಿಯ ಊಟದಿಂದ ಒಂಬತ್ತು ತಿಂಗಳಲ್ಲಿ ಕೂಡಿಸುವುದು ಕಠಿಣ. ಏಕೆಂದರೆ ಕಾಳು-ಪಲ್ಯಗಳಲ್ಲಿರುವ ಕಬ್ಬಿಣಾಂಶದಲ್ಲಿ ಅಲ್ಪ ಭಾಗ ಮಾತ್ರ ರಕ್ತವನ್ನು ಸೇರುವುದು. ಆದುದರಿಂದಲೇ ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಬಾಣಂತಿಯಾಗಿ ಮತ್ತೆ 180 ದಿನ ಕೆಂಪು ಮಾತ್ರೆಯನ್ನು ಸೇವಿಸತಕ್ಕದ್ದು. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವೂ ಅದರೊಡನೆ ಫೋಲಿಕ್ ಆಮ್ಲವೂ ಇರುತ್ತವೆ. ಗರ್ಭಿಣಿಯೂ ಬಾಣಂತಿಯೂ ಅಲ್ಲದವರಿಗೆ ವಾರಕ್ಕೆ ಒಂದು ಸಾಕು. ರಕ್ತಹೀನತೆ ಕಂಡುಬಂದವರಿಗೆ ಎಷ್ಟು ಬೇಕೆಂಬುದನ್ನು ವೈದ್ಯರು ಹೇಳುವರು.

ಮಾತ್ರೆ ನುಂಗಿದರೆ ಮಲ ಕಪ್ಪಾಗುವುದು, ಕೆಲವರಿಗೆ ಹೊಟ್ಟೆ ತೊಳಸುವುದು. 'ಉಷ್ಣವಾಯಿತು' ಎಂದು ಹೆದರಿ ಅದನ್ನು ಜಂತಿಗೆ ಸಿಕ್ಕಿಸಿ ಮರೆಯುವವರು ಬಹಳ. ಮಲ ಕಪ್ಪಾಗುವುದರಿಂದ ಯಾವ ಕೇಡೂ ಇಲ್ಲ. ರಾತ್ರಿ ಊಟವಾದ ಮೇಲೆ ಮಲಗುವ ಮುನ್ನ ನುಂಗಿದರೆ ತೊಳಸುವುದು ಕಡಿಮೆಯಾಗುವುದು. ಹಾಲು, ಚಹಾ, ಸುಣ್ಣಾಂಶದ ಮಾತ್ರೆ ಇವುಗಳೊಡನೆ ಕೂಡಿಸಿ ನುಂಗಬಾರದು. ಎರಡು ತಾಸಿನ ಅಂತರವಿರಲಿ. ಮಾತ್ರೆಗಳನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡಬೇಕು. ಮಿಠಾಯಿಯೆಂದು ತಿಂದರೆ ಎಳೆಯ ಮಕ್ಕಳಿಗೆ ಪ್ರಾಣಾಪಾಯ.

ಗಂಡನಾದವನು ಈ ಕೆಲಸದಲ್ಲಿ ಏನು ಮಾಡಬಹುದು? ಹಬ್ಬದಂದು ತಂದ ಗೋಡೆಯ ದಿನದರ್ಶಿಕೆಯಲ್ಲಿ ಹೆಂಡತಿ ಮಾತ್ರೆ ನುಂಗಿದ ದಿನಕ್ಕೆ ಒಂದು ಕೆಂಪು ಗುರುತು ಹಾಕಬಹುದು. ಅದಕ್ಕೆ ಬೇಕಾದುದು ಒಂದು ಪೆನ್ಸಿಲ್ ಮಾತ್ರ. ಹಾಗೆ ಗುರುತು ಹಾಕುವ ಗಂಡನಿದ್ದ ಮನೆಯಲ್ಲಿ ಮಾತ್ರೆ ಜಂತಿಯಲ್ಲಿ ಉಳಿಯುವುದಿಲ್ಲ.

ಬುತ್ತಿ ಹೇಗಿರಬೇಕು

ನಮ್ಮ ಸೀಮೆಯ ಹಬ್ಬದ ಅಡುಗೆಯನ್ನು ನೋಡಿದರೆ, ಹಿರಿಯರು ಯಾವ ಪುಸ್ತಕವನ್ನೂ ಓದದೆ ಎಷ್ಟೊಂದನ್ನು ಸರಿಯಾಗಿ ಮಾಡಿದ್ದರೆಂದು ತಿಳಿಯುವುದು. ಪಂಚಮಿಯ ಶೇಂಗಾ ಉಂಡಿ, ಎಳ್ಳಿನ ಚಿಗಳಿ, ತಂಬಿಟ್ಟು, ಜೋಳದ ಅಳ್ಳು. ಎಳ್ಳಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಕುಳಿತು ಉಣ್ಣುವ ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಎಳೆಯ ಕಡಲೆಯ ಪಲ್ಯ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ. ಸಂಕ್ರಮಣದ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಇದರಲ್ಲಿ ತೆಗೆದುಹಾಕಬೇಕಾದುದು ಬಹಳವಿಲ್ಲ. ಶೇಂಗಾದಲ್ಲಿ ಕಾಲು ಭಾಗ ಸಸಾರಜನಕವಿದೆ. ನೂರು ಗ್ರಾಂ ಎಳ್ಳಿನಲ್ಲಿ ಒಂದು ಗ್ರಾಮಿಗೂ ಹೆಚ್ಚು ಸುಣ್ಣಾಂಶವಿದೆ. ಸಜ್ಜೆಯಲ್ಲಿ ಜೋಳಕ್ಕಿಂತ ಹೆಚ್ಚು ಕಬ್ಬಿಣಾಂಶವಿದೆ. ಹಬ್ಬ ಮುಗಿದ ಮರುದಿನವೇ ಇವೆಲ್ಲ ಅಟ್ಟ ಸೇರಿ, ಮನೆಯಾಕೆ ಮತ್ತೆ ರೊಟ್ಟಿ-ಖಾರಕ್ಕೆ ಹಿಂತಿರುಗುವುದೇ ತೊಂದರೆ.

ಮತ್ತೊಂದು ಸಂಗತಿಯನ್ನು ಬುತ್ತಿ ಕಟ್ಟುವ ತಾಯಂದಿರು ಗಮನಿಸಬೇಕು. ತವರಿನಿಂದ ಬಂದ ಬುತ್ತಿಯನ್ನು ಓಣಿಗೆಲ್ಲ ಬೀರುವುದು ನಮ್ಮ ಪದ್ಧತಿ. ಸುಂದರವಾದ ಪದ್ಧತಿ, ಅದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಬೀರಿ ಮುಗಿದ ಮೇಲೆ ಮಗಳ ಪಾಲಿಗೆ ಉಳಿಯುವುದು ಡಬ್ಬಿಯ ತಳದ ಪುಡಿ. ಅದರಿಂದ ಎರಡು ಬುತ್ತಿ ಕಟ್ಟಿರಿ. ಒಂದು ಓಣಿಗೆ, ಮತ್ತೊಂದು ಚಿಕ್ಕದು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಮಗಳ ಹೆಸರಿಗೆ. ಬೀಗತಿಗೆ ಸಮಾಧಾನವಾಗುವಂತೆ ನಯವಾಗಿ ಹೇಳಿರಿ: 'ಯವ್ವಾ, ಇದು ಬಸುರಿ ಹೆಂಗಸಿನ ಔಷಧ ಇದ್ದಂಗ, ದಿನಾ ಎರಡು ಉಂಡಿ ಅಕಿ ತಿನ್ನಲಿ.' ಔಷಧವೆಂದರೆ ಯಾರೂ ಬೇಡವೆನ್ನುವುದಿಲ್ಲ.

ಆ ಚಿಕ್ಕ ಡಬ್ಬಿಯಲ್ಲಿ ಶೇಂಗಾ, ಎಳ್ಳು, ಹುರಿದ ಕಡಲೆ, ಬೆಲ್ಲ ಕೂಡಿಸಿ ಕಟ್ಟಿದ ಉಂಡಿಗಳಿರಲಿ. ಬೂಷ್ಟು ಹಿಡಿದ, ಸುಕ್ಕುಗಟ್ಟಿದ ಶೇಂಗಾ ಬೀಜಗಳನ್ನು ಆರಿಸಿ ಎಸೆಯಬೇಕು. ಆ ಬೂಷ್ಟಿನ ವಿಷ ಹುರಿದರೂ ಹೋಗುವುದಿಲ್ಲ, ಯಕೃತ್ತಿಗೆ ಕೇಡು. ತಿಕೋಟಾ, ಬಬಲೇಶ್ವರಗಳ ಕಡೆ ದ್ರಾಕ್ಷಿ ಬೆಳೆಯುವವರಿದ್ದಾರೆ. ಮನೆಯಲ್ಲಿಯೇ ಒಣದ್ರಾಕ್ಷಿ ಇದ್ದರೆ ಚೆನ್ನಾಗಿ ತೊಳೆದು ಒಂದು ಹಿಡಿ ಹಾಕಿರಿ. ಬಾಣಂತಿಗಾದರೆ ಒಣ ಕೊಬ್ಬರಿ, ಉತ್ತತ್ತಿ, ಅಂಟು ಸೇರಿದ ಉಂಡಿ, ಅಳ್ವಿಯ ಪಾಯಸ ರೂಢಿಯಲ್ಲಿವೆ, ಅವು ಒಳ್ಳೆಯವೇ. ಬಾಣಂತಿಗೆ ಪಲ್ಯ ವರ್ಜ್ಯ, ನೀರು ಕಡಿಮೆ ಕೊಡಬೇಕೆಂಬ ರೂಢಿ ಮಾತ್ರ ಒಳ್ಳೆಯದಲ್ಲ. ಹಾಲೂಡಿಸುವ ತಾಯಿಗೆ ಇತರರಿಗಿಂತ ಹೆಚ್ಚು ನೀರು, ಹೆಚ್ಚು ಬೇಳೆ, ಹೆಚ್ಚು ಸೊಪ್ಪು ಬೇಕು. ಗರ್ಭಿಣಿ ಹಾಗೂ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾಯಿತು. ಅದು ಬಡವರ ಊಟವೆಂದು ಸಂಕೋಚಪಡತಕ್ಕ ವಿಷಯವಲ್ಲ. ನಿಮ್ಮ ಊರಿನ ಅಂಗನವಾಡಿಯಲ್ಲಿ ವಿಚಾರಿಸಿ ಹೆಸರು ನೋಂದಾಯಿಸಿಕೊಳ್ಳಿರಿ.

ಬೆಲ್ಲದ ಬಗ್ಗೆ ಒಂದು ಮಾತು. ಬೆಲ್ಲ ತಿಂದರೆ ರಕ್ತವಾಗುವುದೆಂದು ಎಲ್ಲರೂ ಹೇಳುವರು. ಸಕ್ಕರೆಗಿಂತ ಬೆಲ್ಲ ಲೇಸು, ಅದರಲ್ಲಿ ಸ್ವಲ್ಪ ಕಬ್ಬಿಣಾಂಶವಿದೆ. ಆದರೆ ರಕ್ತಹೀನತೆಯನ್ನು ಬೆಲ್ಲವೊಂದರಿಂದಲೇ ಗುಣಪಡಿಸುತ್ತೇವೆಂದು ಮಾತ್ರೆ ಬಿಡುವುದು ಅಪಾಯ. ಇದಕ್ಕಿಂತ ಹೆಚ್ಚು ಉಪಯೋಗವಾದ ವಸ್ತು ನಮ್ಮ ಜಿಲ್ಲೆಯಲ್ಲಿಯೇ ಹೇರಳವಾಗಿ ಬೆಳೆಯುವ ಲಿಂಬೆಹಣ್ಣು. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿರುವುದನ್ನು ನೀವು ಕೇಳಿರಬಹುದು. ಊಟದ ಸಮಯದಲ್ಲಿ ಪಲ್ಯದ ಮೇಲೆ ಅರ್ಧ ಹೋಳು ಲಿಂಬೆಯನ್ನು ಹಿಂಡಿಕೊಂಡರೆ, ಅದರಲ್ಲಿರುವ ಸಿ ಜೀವಸತ್ವವು ಕಾಳು-ಸೊಪ್ಪುಗಳ ಕಬ್ಬಿಣಾಂಶವು ರಕ್ತಕ್ಕೆ ಸೇರಲು ನೆರವಾಗುವುದು. ಒಲೆಯ ಮೇಲೆ ಕುದಿಸಿದರೆ ಆ ಗುಣ ಕಡಿಮೆಯಾಗುವುದು. ಇಳಿಸಿದ ಮೇಲೆಯೇ ಹಿಂಡಬೇಕು. ಇದಕ್ಕೆ ವಿರುದ್ಧವಾದುದು ಚಹಾ. ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಚಹಾ ಕುಡಿದರೆ ತಿಂದ ಕಬ್ಬಿಣಾಂಶದ ಬಹುಭಾಗ ವ್ಯರ್ಥ. ಉಡುಗೊರೆಯ ಚೀಲದಲ್ಲಿ ಚಹಾಪುಡಿಯ ಪೊಟ್ಟಣದ ಬದಲು ಎರಡು ಡಜನ್ ಲಿಂಬೆಹಣ್ಣುಗಳನ್ನು ಹಾಕಿದರೆ ಖರ್ಚೂ ಕಡಿಮೆ, ಲಾಭವೂ ಹೆಚ್ಚು. ಮಾಂಸಾಹಾರಿಗಳ ಮನೆಯಲ್ಲಿ ಮಾಂಸ-ಮೀನಿನ ಒಳ್ಳೆಯ ತುಂಡು ಬಸುರಿಯ ತಟ್ಟೆಗೆ ಮೊದಲು ಬೀಳಲಿ. ಅದರಲ್ಲಿರುವ ಕಬ್ಬಿಣಾಂಶವು ಸುಲಭವಾಗಿ ಜೀರ್ಣವಾಗುವುದು.

ಚಪ್ಪಲಿ, ಹಂಚು, ಸೈಕಲ್ಲು

ಚಪ್ಪಲಿಯನ್ನು ಆರೋಗ್ಯದ ಉಡುಗೊರೆಯೆಂದರೆ ನಿಮಗೆ ಆಶ್ಚರ್ಯವಾಗಬಹುದು. ಬಯಲಿನಲ್ಲಿ ಶೌಚ ಮಾಡಿದ ಕಡೆ ತೇವವಾದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳು ಬೆಳೆಯುತ್ತವೆ. ಬರಿಗಾಲಿನಲ್ಲಿ ನಡೆದಾಡುವವರ ಪಾದದ ಚರ್ಮವನ್ನು ಕೊರೆದು ಅವು ಒಳಸೇರಿ, ಕೊನೆಗೆ ಕರುಳಿನ ಗೋಡೆಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತವೆ. ತಿಂದದ್ದೆಲ್ಲ ಎಲ್ಲಿಗೆ ಹೋಯಿತೆಂದು ಮನೆಯವರು ಚಿಂತಿಸುತ್ತಿರುವಾಗ, ತಿಂದದ್ದು ಹುಳುಗಳ ಪಾಲಾಗಿರುತ್ತದೆ. ಗಂಡಸರು ಹೊಲಕ್ಕೆ ಮೆಟ್ಟು ಮೆಟ್ಟಿ ಹೋಗುವುದು, ಹೆಂಗಸರು ಬರಿಗಾಲಲ್ಲಿ ಹಿಂದೆ ಹೋಗುವುದು ಇನ್ನೂ ಕಣ್ಣಿಗೆ ಬೀಳುವ ನೋಟ. ಈ ಹಬ್ಬಕ್ಕೆ ಹೆಂಡತಿಗೂ ಮಕ್ಕಳಿಗೂ ಗಟ್ಟಿಯಾದ ಒಂದೊಂದು ಜೊತೆ ಚಪ್ಪಲಿ ತನ್ನಿರಿ. ಶೌಚಾಲಯವಿದ್ದರೆ ಅದನ್ನು ಹಂಗಾಮಿನ ಸೌದೆ ತುಂಬಲು ಬಳಸದೆ ಅದರ ಕೆಲಸಕ್ಕೇ ಬಿಡಿರಿ. ಫೆಬ್ರವರಿ ಮತ್ತು ಆಗಸ್ಟ್ ತಿಂಗಳ 10ನೆಯ ತಾರೀಖಿನಂದು ಶಾಲೆ-ಅಂಗನವಾಡಿಗಳಲ್ಲಿ ಮಕ್ಕಳಿಗೆ ಜಂತುನಾಶಕ ಮಾತ್ರೆ ಕೊಡುವರು. ಗರ್ಭಿಣಿಗೂ ಮೊದಲ ಮೂರು ತಿಂಗಳು ಕಳೆದ ಮೇಲೆ ವೈದ್ಯರು ಒಂದು ಮಾತ್ರೆ ಕೊಡುವರು. ತಾವಾಗಿಯೇ ತಂದು ನುಂಗಬಾರದು.

ಕಬ್ಬಿಣದ ಹಂಚು, ಕಬ್ಬಿಣದ ಬಾಣಲೆ ಕೊಡುವ ಪದ್ಧತಿ ಮರೆಯಾಗುತ್ತಿದೆ; ಹೊಳೆಯುವ ಅಂಟದ ಬಾಣಲೆಗಳು ಬಂದಿವೆ. ಆದರೆ ಕಬ್ಬಿಣದ ಪಾತ್ರೆಯಲ್ಲಿ ಹುಳಿ ಹಾಕಿ ಬೇಯಿಸಿದ ಪುಂಡಿಪಲ್ಯಕ್ಕೆ ಪಾತ್ರೆಯಿಂದಲೇ ಸ್ವಲ್ಪ ಕಬ್ಬಿಣಾಂಶ ಇಳಿಯುವುದು. ಅಜ್ಜಿಯ ಬಾಣಲೆ ಮೂಲೆಯಲ್ಲಿ ಬಿದ್ದಿದ್ದರೆ ತೊಳೆದು ಎಣ್ಣೆ ಸವರಿ ಮಗಳಿಗೆ ಕೊಡಿರಿ.

ಶಾಲೆಗೆ ಹೋಗುವ ಹೆಣ್ಣುಮಗಳು ಮನೆಯಲ್ಲಿದ್ದರೆ ಸೈಕಲ್ಲಿನಂಥ ಉಡುಗೊರೆ ಬೇರೆ ಇಲ್ಲ. ವಿಜಯಪುರ-ಬಾಗಲಕೋಟೆಯ ಸೀಮೆ ಸೈಕಲ್ ಪಟುಗಳಿಗೆ ನಾಡಿನಲ್ಲೆಲ್ಲ ಹೆಸರಾದುದು. ಅವರಲ್ಲಿ ಹಳ್ಳಿಯ ಹುಡುಗಿಯರೂ ಇದ್ದಾರೆ. 2006-07ರಿಂದ ಅನೇಕ ವರ್ಷಗಳ ಕಾಲ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರವೇ ಸೈಕಲ್ಲು ಕೊಟ್ಟಿದ್ದುದು ನಿಮಗೆ ನೆನಪಿರಬಹುದು. ಸೈಕಲ್ಲು ತುಳಿಯುವುದರಿಂದ ಎದೆಗೂ ಕಾಲಿಗೂ ಬಲ ಬರುವುದು ಒಂದು ಲಾಭ. ದೂರದ ಪ್ರೌಢಶಾಲೆಯನ್ನು ಹುಡುಗಿ ನಡುವೆ ಬಿಡದಿರುವುದು ಅದಕ್ಕಿಂತ ದೊಡ್ಡ ಲಾಭ. ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಎಲುಬು ಬಲಿಯದ, ರಕ್ತ ತುಂಬದ ಹುಡುಗಿ ತಾಯಿಯಾದರೆ ಇಬ್ಬರಿಗೂ ಕಷ್ಟ.

ಮನೆಯ ಹಿರಿಯರಿಗೆ ಹೊಸ ಪಟಕ, ಹೊಸ ಸೀರೆ ತರುವಾಗ, ಅವರನ್ನು ಒಮ್ಮೆ ರಕ್ತದೊತ್ತಡ ಹಾಗೂ ಸಕ್ಕರೆ ಕಾಯಿಲೆಯ ತಪಾಸಣೆಗೂ ಕರೆದೊಯ್ಯಿರಿ. 30 ವರ್ಷ ದಾಟಿದ ಎಲ್ಲರಿಗೂ ಈ ತಪಾಸಣೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ.

ಕೊಡಬಾರದ ವಸ್ತುಗಳು

'ಶಕ್ತಿ ಕೊಡುವ' ಪುಡಿ ಡಬ್ಬಿಗಳು ಹಬ್ಬದ ಉಡುಗೊರೆಯಾಗಿ ಬಹಳ ಖರ್ಚಾಗುತ್ತವೆ. ಅವುಗಳಲ್ಲಿ ಅನೇಕದರಲ್ಲಿ ಹೆಚ್ಚಾಗಿರುವುದು ಸಕ್ಕರೆ. 'ಆರೋಗ್ಯ ಪೇಯ' ಎಂಬ ವರ್ಗವೇ ಆಹಾರ ಕಾನೂನಿನಲ್ಲಿಲ್ಲವೆಂದು, ಆ ಹೆಸರಿನಡಿ ಇಂಥ ಪಾನೀಯಗಳನ್ನು ಮಾರಬಾರದೆಂದು 2024ರಲ್ಲಿ ಕೇಂದ್ರ ಸರ್ಕಾರವು ಆನ್‌ಲೈನ್ ವ್ಯಾಪಾರಿಗಳಿಗೆ ತಿಳಿಸಿತು. ಅದೇ ಹಣಕ್ಕೆ ಶೇಂಗಾ, ಕಡಲೆ, ಹಾಲು ಎಷ್ಟೋ ದಿನಕ್ಕೆ ಬರುವುವು.

ಹೊಸ ಕೂಸಿನ ಮನೆಗೆ ಹಾಲುಪುಡಿಯ ಡಬ್ಬಿ, ಹಾಲೂಡಿಸುವ ಬಾಟಲಿ ಕೊಂಡೊಯ್ಯಬೇಡಿರಿ. ಇವುಗಳ ಜಾಹೀರಾತನ್ನು 1992ರ ಕಾನೂನು ನಿಷೇಧಿಸಿರುವುದಕ್ಕೆ ಕಾರಣವಿದೆ: ಬಾಟಲಿ ಬಂದ ಮನೆಯಲ್ಲಿ ಎದೆಹಾಲು ಬತ್ತುವುದು, ವಾಂತಿ-ಭೇದಿ ಹತ್ತುವುದು. ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲಲ್ಲದೆ ಹನಿ ನೀರೂ ಬೇಡ. ಒಂದು ವರ್ಷದೊಳಗಿನ ಕೂಸಿನ ನಾಲಿಗೆಗೆ ಜೇನುತುಪ್ಪ ನೆಕ್ಕಿಸುವುದೂ ಅಪಾಯ. ಹಬ್ಬಕ್ಕೆ ಬಂದ ಬಂಧುಗಳ ಮುಂದೆ ಎಲೆ-ಅಡಿಕೆಯ ತಟ್ಟೆಯಲ್ಲಿ ತಂಬಾಕನ್ನಿಡುವುದು ಉಪಚಾರವೆನಿಸಿಕೊಂಡಿದೆ; ಗುಟಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿಯೇ ನಿಷೇಧಿಸಲಾಗಿದೆ. ಬಸುರಿ ಹೆಂಗಸು ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕಿದರೂ ಕೂಸಿನ ತೂಕ ಕಡಿಮೆಯಾಗುವುದು.

ಗಂಡನು ಹೆಂಡತಿಗೆ ಕೊಡಬಹುದಾದುದು

ಮೇಲೆ ಒಂದು ಬಸುರಿಗೆ ಒಂದು ಗ್ರಾಂ ಕಬ್ಬಿಣಾಂಶ ಬೇಕೆಂದು ಹೇಳಿದೆವು. ಹೆರಿಗೆಯಲ್ಲಿ ಹೋದ ರಕ್ತ ತುಂಬುವ ಮೊದಲೇ ಮತ್ತೆ ಬಸುರಾದರೆ, ಎಷ್ಟು ಉಂಡಿ ಕಳುಹಿಸಿದರೂ ತೂತು ಬಿದ್ದ ಕೊಡಕ್ಕೆ ನೀರು ತುಂಬಿದಂತೆ. ಒಂದು ಹೆರಿಗೆಯಾದ ಮೇಲೆ ಮುಂದಿನ ಬಸುರಿಗೆ ಕನಿಷ್ಠ ಎರಡು ವರ್ಷ ಕಾಯಬೇಕು. ಆಗ ಎರಡು ಮಕ್ಕಳ ನಡುವೆ ಸುಮಾರು ಮೂರು ವರ್ಷಗಳ ಅಂತರ ಬೀಳುವುದು. ಅಂತರವಿಡಲು ಈಗ ಹಲವು ಸಾಧನಗಳಿವೆ, ಎಲ್ಲವೂ ಸರ್ಕಾರಿ ಕೇಂದ್ರದಲ್ಲಿ ಉಚಿತ. ನಿರೋಧ್ ಬಹುಕಾಲದಿಂದ ಪರಿಚಿತವಾದುದು. 'ಅಂತರಾ' ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳಬೇಕು. 'ಛಾಯಾ' ಮಾತ್ರೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಬಳಿಕ ವಾರಕ್ಕೊಮ್ಮೆ ನುಂಗಬೇಕು. ಹೆರಿಗೆಯಾದ 48 ತಾಸಿನೊಳಗೂ ಅಳವಡಿಸಬಹುದಾದ ಕಾಪರ್-ಟಿ ಹತ್ತು ವರ್ಷ ಕೆಲಸ ಮಾಡುವ ಬಗೆಯದೂ ಇದೆ. ರಕ್ತ ಕಡಿಮೆಯಿದ್ದು ತಿಂಗಳ ಮುಟ್ಟಿನಲ್ಲಿ ಹೆಚ್ಚು ಸ್ರಾವವಾಗುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ, ತಮಗೆ ಯಾವುದು ಹೊಂದುವುದೆಂದು ಕೇಳಬೇಕು. ಕಾಪರ್-ಟಿಯಿಂದ ಕೆಲವರಿಗೆ ಸ್ರಾವ ಹೆಚ್ಚಬಹುದು.

ಮಕ್ಕಳು ಸಾಕೆಂದು ಇಬ್ಬರೂ ನಿಶ್ಚಯಿಸಿದವರ ಮಾತು ಬೇರೆ. ಸಂತಾನ ಮಿತಗೊಳಿಸಲು ಸಲಹೆ ನೀಡುವ ಸರ್ಕಾರಿ ಚಿಕಿತ್ಸಾಲಯಗಳನ್ನು 1930ರಷ್ಟು ಹಿಂದೆಯೇ ತೆರೆದದ್ದು ಮೈಸೂರು ಸಂಸ್ಥಾನ. ಆಗ ನಮ್ಮ ವಿಜಾಪುರ ಮುಂಬಯಿ ಪ್ರಾಂತದಲ್ಲಿತ್ತು. ಅಂಥ ನಾಡಿನಲ್ಲಿ ಇಂದಿಗೂ ಶಸ್ತ್ರಚಿಕಿತ್ಸೆಯ ಹೊರೆಯೆಲ್ಲ ಹೆಂಗಸಿನದೇ. ಐದನೆಯ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ತಾವೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಮೊದಲೇ ರಕ್ತ ಸಾಲದ, ಹಲವು ಸಲ ಹೆತ್ತ ಆಕೆಯ ಹೊಟ್ಟೆಯ ಮೇಲೆಯೇ ಕತ್ತರಿ ಆಡಬೇಕೇ?

ಗಂಡಸರ ಶಸ್ತ್ರಚಿಕಿತ್ಸೆಗೆ ಈಗ ಚಾಕು ಬೇಡ, ಹೊಲಿಗೆ ಬೇಡ. ಸೂಜಿಮದ್ದು ಕೊಟ್ಟು ಆ ಭಾಗವನ್ನು ಮಾತ್ರ ಮರಗಟ್ಟಿಸಿ, ಒಂದು ಚಿಕ್ಕ ರಂಧ್ರದ ಮೂಲಕ ವೀರ್ಯಾಣು ಸಾಗುವ ನಾಳಗಳನ್ನು ಕಟ್ಟುವರು; ಅರ್ಧ ತಾಸಿನೊಳಗೆ ಮುಗಿಯುವುದು, ಅದೇ ದಿನ ಮನೆಗೆ ಬರಬಹುದು. 'ಶಕ್ತಿ ಹೋಗುವುದು, ಭಾರ ಎತ್ತಲಾಗುವುದಿಲ್ಲ' ಎಂಬ ಅಂಜಿಕೆ ಗರಡಿಮನೆಗಳಿಗೆ ಹೆಸರಾದ ನಮ್ಮ ಸೀಮೆಯಲ್ಲಿ ಬಹಳವಾಗಿದೆ. ಇದು ನಿರಾಧಾರವಾದುದು. ಈ ಚಿಕಿತ್ಸೆಯಿಂದ ಬೀಜಗಳನ್ನು ತೆಗೆಯುವುದಿಲ್ಲ. ಗಂಡಸುತನಕ್ಕೆ ಕಾರಣವಾದ ರಸ ಮೊದಲಿನಂತೆಯೇ ರಕ್ತ ಸೇರುತ್ತಿರುವುದು. ದಾಂಪತ್ಯ ಸುಖಕ್ಕೂ ತೋಳಿನ ಬಲಕ್ಕೂ ಕುಂದಿಲ್ಲ. ಎರಡು ದಿನ ವಿಶ್ರಾಂತಿ ಪಡೆದು ಹಗುರವಾದ ಕೆಲಸ ಮಾಡಬಹುದು. ಒಂದು ವಾರವಾದ ಮೇಲೆ ಸೈಕಲ್ಲು ತುಳಿಯಬಹುದು, ಚೀಲ ಹೊರಬಹುದು, ಬೇಕಾದರೆ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲನ್ನೂ ಎತ್ತಬಹುದು.

ಇದು ಶಾಶ್ವತವಾದ ಉಪಾಯವಾದುದರಿಂದ ಯಾರ ಒತ್ತಾಯಕ್ಕೂ ಮಾಡಿಸಿಕೊಳ್ಳತಕ್ಕದ್ದಲ್ಲ. ದಂಪತಿಗಳು ಕುಳಿತು ಮಾತನಾಡಿ ನಿಶ್ಚಯಿಸಬೇಕು. ಕನಿಷ್ಠ ಒಂದು ಮಗುವಿಗೆ ಒಂದು ವರ್ಷ ತುಂಬಿರಬೇಕೆಂಬುದು ನಿಯಮ. ಚಿಕಿತ್ಸೆ ಉಚಿತ; ಮಾಡಿಸಿಕೊಂಡವರಿಗೆ ಕೂಲಿನಷ್ಟದ ಪರಿಹಾರಧನವೂ ಉಂಟು. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಪುರುಷರ ಶಸ್ತ್ರಚಿಕಿತ್ಸೆಯ ಪಾಕ್ಷಿಕವನ್ನು ಆಚರಿಸುವರು. ಆಶಾ ಕಾರ್ಯಕರ್ತೆಯನ್ನೋ, ತಿಕೋಟಾ, ಬಬಲೇಶ್ವರಗಳ ಆರೋಗ್ಯ ಕೇಂದ್ರವನ್ನೋ ಕೇಳಿದರೆ ಎಲ್ಲಿಗೆ ಯಾವ ದಿನ ಹೋಗಬೇಕೆಂದು ತಿಳಿಸುವರು.

ಒಂದು ಎಚ್ಚರಿಕೆ ಮಾತ್ರ ಅವಶ್ಯ. ಚಿಕಿತ್ಸೆಯಾದ ಕೂಡಲೇ ಫಲ ಬಂದಿತೆಂದು ತಿಳಿಯಬಾರದು. ನಾಳದಲ್ಲಿ ಮೊದಲೇ ಇದ್ದ ವೀರ್ಯಾಣುಗಳು ಹೊರಹೋಗಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಿರೋಧ್ ಬಳಸಬೇಕು, ಅಥವಾ ಹೆಂಡತಿ ಬೇರೊಂದು ಸಾಧನ ಬಳಸುತ್ತಿರಬೇಕು. ಸಿದ್ಧೇಶ್ವರ ಜಾತ್ರೆ ಮುಗಿಸಿಕೊಂಡು ಜನವರಿಯಲ್ಲಿ ಚಿಕಿತ್ಸೆ ಮಾಡಿಸಿಕೊಂಡವರು, ಯುಗಾದಿ ದಾಟಿ ಏಪ್ರಿಲ್ ತಿಂಗಳ ಕೊನೆಯಲ್ಲಿ ಅದೇ ಆಸ್ಪತ್ರೆಗೆ ಹೋಗಿ ವೀರ್ಯ ಪರೀಕ್ಷೆ ಮಾಡಿಸಿ, ವೈದ್ಯರಿಂದ ಪ್ರಮಾಣಪತ್ರವನ್ನು ಪಡೆದುಕೊಂಡು ಬರಬೇಕು.